ಚಿಕ್ಕವನ ತಿಥಿ

ಜನವರಿ ೨೦, ಶನಿವಾರ

ಭಾವನವರಿಗೆ ನಮಸ್ಕಾರಗಳು.

ನಾನು ನಿಮ್ಮ ತಮ್ಮನ ಹೆಂಡತಿ. ನಿಮಗೆ ಬರೆಯುತ್ತಿರುವುದು ಇದೇ ಮೊದಲಾದ್ದರಿಂದ ಹೀಗೆ ಹೇಳಿಕೊಳ್ಳಬೇಕಾಗಿದೆ. ನವೆಂಬರಿನಲ್ಲಿ ನೀವು ಬಂದಿರಿ, ಸ್ಮಶಾನದ ತಗಡಿನ ಚಪ್ಪರದ ಕಂಬದ ಪಕ್ಕ ನಿಂತಿರಿ, ಕೈಮುಗಿದು ಮುಂದಿನ ಬಸ್ಸಿಗೆ ಹೊರಟುಹೋದಿರಿ. ಅದನ್ನು ತಪ್ಪೆಂದು ಬರೆಯುತ್ತಿಲ್ಲ. ನೀವು ಬಂದಿದ್ದಿರೆಂದು ಅತ್ತೆಗೆ ನಾನೇ ಹೇಳಿದೆ. ಅವರು ಆ ಕಡೆ ನೋಡಿರಲಿಲ್ಲ.

ಈಗ ಬರೆಯುತ್ತಿರುವುದು ಅತ್ತೆಯ ಊಟದ ವಿಷಯಕ್ಕೆ.

ಮಗ ತೀರಿಕೊಂಡ ತಿಥಿ ತಿಂಗಳು ತಿಂಗಳು ಬಂದಾಗ ಆ ದಿನ ಉಣ್ಣುವುದಿಲ್ಲ, ವರ್ಷ ತುಂಬುವವರೆಗೆ ಹೀಗೇ, ಎಂದು ಹಟ ಹಿಡಿದಿದ್ದಾರೆ. ಅದು ಅವರಿಷ್ಟ. ತೊಂದರೆ ಏನೆಂದರೆ ತಿಥಿ ಯಾವುದೆಂದು ಯಾರಿಗೂ ಗೊತ್ತಿಲ್ಲ. ನಿಮಗೆ ನಡೆದದ್ದನ್ನು ಯಾರೂ ಸರಿಯಾಗಿ ಹೇಳಿರಲಾರರು, ಅದಕ್ಕೆ ಬರೆಯುತ್ತೇನೆ. ಇವರು ಬುಧವಾರ ಸಂಜೆ ಫೋನ್ ಮಾಡಿದ್ದರು. ಗೋದಾಮಿನ ಅಂಗಳದಲ್ಲಿ ಲಾರಿಗಳ ಸಾಲು ನಿಂತಿದೆ, ಸರಕು ಇಳಿಸುವ ಸರದಿ ಶುಕ್ರವಾರಕ್ಕೆ ಮುಂಚೆ ಬರುವುದಿಲ್ಲ, ಚೆನ್ನಾಗಿ ನಿದ್ದೆ ಹೊಡೆಯುತ್ತೇನೆ ಎಂದರು. ಗುರುವಾರ ಫೋನ್ ಬರಲಿಲ್ಲ. ನಿದ್ದೆ ಹೊಡೆಯುತ್ತಿದ್ದಾರೆ ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ ಸರದಿ ಬಂತು, ಲಾರಿ ಅಲ್ಲಾಡಲಿಲ್ಲ. ಹಿಂದಿನವರು ಹಾರನ್ ಹೊಡೆದರು, ಬೈದರು, ಕೊನೆಗೆ ಗಾಜು ಒಡೆದರು. ಸೀಟಿನ ಹಿಂದಿನ ಹಲಗೆಯ ಮೇಲೆ ಕತ್ತಿನವರೆಗೂ ಹೊದ್ದು ಮಲಗಿದ್ದರಂತೆ. ಹೃದಯ ನಿಂತಿದೆ ಎಂದರು ಡಾಕ್ಟರು. ಯಾವಾಗ ಎಂದರೆ, ಈ ಚಳಿಯಲ್ಲಿ ಗಂಟೆ ಹೇಳಲಾಗದು ಎಂದರು.

ಅತ್ತೆ ಪಕ್ಕದ ಮನೆಯವರ ಪಂಚಾಂಗ ತರಿಸಿ ನೋಡಿದರು. ಬುಧವಾರ ಸಂಜೆಯಿಂದ ಶುಕ್ರವಾರ ಬೆಳಿಗ್ಗೆಯ ಒಳಗೆ ಬಹುಳ ತದಿಗೆ, ಚೌತಿ, ಪಂಚಮಿ ಮೂರೂ ಬರುತ್ತವೆ. ಹಾಗಾಗಿ ತಿಂಗಳಿಗೆ ಮೂರು ದಿನ ಅನ್ನ ಬಿಟ್ಟಿದ್ದಾರೆ. ಸಕ್ಕರೆ ಕಾಯಿಲೆಯವರು. ಈ ತಿಂಗಳು ಉಪವಾಸದ ಮೂರನೆಯ ದಿನ ಬಚ್ಚಲಲ್ಲಿ ಬಿದ್ದರು. ಹಣೆಗೆ ಹೊಲಿಗೆ ಹಾಕಿಸಿದೆ.

ನಿಮ್ಮಿಬ್ಬರ ನಡುವೆ ಆದದ್ದು ಇವರು ಹೇಳಿದಷ್ಟೇ ನನಗೆ ಗೊತ್ತು. ನಿಮ್ಮ ತಂದೆಯ ಹಳೆಯ ಪಂಚಾಂಗದ ಕೋಷ್ಟಕಗಳಿಗೂ ಆಕಾಶದಲ್ಲಿ ಕಾಣುವ ಚಂದ್ರನಿಗೂ ಗಂಟೆಗಟ್ಟಲೆ ವ್ಯತ್ಯಾಸ ಬರುತ್ತಿದೆ, ತಿದ್ದೋಣ ಎಂದು ಇವರು ಹೇಳಿದ್ದು. ಅಪ್ಪನ ಲೆಕ್ಕಕ್ಕೆ ಕೈ ಹಾಕಕೂಡದು ಎಂದು ನೀವು ಹೇಳಿದ್ದು. ಇವರು ಮನೆ ಬಿಟ್ಟು ಲಾರಿ ಕಲಿತದ್ದು. “ದೊಡ್ಡೋನಿಗೆ ಪಂಚಾಂಗ ಇದೆ, ಚಿಕ್ಕೋನಿಗೆ ನಾನಾದ್ರೂ ಇರ್ಲಿ” ಎಂದು ಅತ್ತೆ ಇವರ ಹಿಂದೆ ಬಂದದ್ದು. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ನೀವು ಪಂಚಾಂಗ ಬರೆಯುವವರು. ಮೂರರಲ್ಲಿ ಒಂದು ತಿಥಿಯನ್ನು ಹೇಳಿ. ಮಿಕ್ಕ ಎರಡು ದಿನ ಅವರು ಊಟ ಮಾಡುತ್ತಾರೆ.

ಇಷ್ಟೇ.

ನಿಮ್ಮ ತಮ್ಮನ ಹೆಂಡತಿ


ಮಾಘ ಶುದ್ಧ ದಶಮಿ, ಭಾನುವಾರ

ತಮ್ಮನ ಮನೆಯವರಿಗೆ ಆಶೀರ್ವಾದಗಳು.

ನಿಮ್ಮ ಕಾಗದ ತಲುಪಿತು. ನೀವು ಕೇಳಿದ್ದು ಸಣ್ಣ ಕೆಲಸವೆಂದು ನಿಮಗೆ ಅನ್ನಿಸಿರಬಹುದು. ಯಾಕೆ ಅಲ್ಲವೆಂದು ತಿಳಿಸುತ್ತೇನೆ.

ಚಂದ್ರ ಸೂರ್ಯನಿಂದ ಹನ್ನೆರಡು ಅಂಶ ದೂರ ಸರಿಯಲು ಹಿಡಿಯುವ ಕಾಲಕ್ಕೆ ಒಂದು ತಿಥಿ ಎಂದು ಹೆಸರು. ಅವನ ನಡಿಗೆ ಒಂದೇ ಸಮ ಇರುವುದಿಲ್ಲ. ಒಮ್ಮೆ ಓಡುತ್ತಾನೆ, ಒಮ್ಮೆ ಕಾಲೆಳೆಯುತ್ತಾನೆ. ಹಾಗಾಗಿ ತಿಥಿ ಬೆಳಗಿನ ಹೊತ್ತೇ ಹುಟ್ಟಬೇಕೆಂದಿಲ್ಲ. ನೀವು ಮಧ್ಯಾಹ್ನ ಊಟಕ್ಕೆ ಕೂತಾಗ ಒಂದಿದ್ದು ಕೈ ತೊಳೆಯುವಾಗ ಇನ್ನೊಂದಾಗಬಹುದು. ಜನರ ಅನುಕೂಲಕ್ಕೆಂದು, ಸೂರ್ಯ ಹುಟ್ಟುವಾಗ ಯಾವ ತಿಥಿ ನಡೆಯುತ್ತಿರುತ್ತದೋ ಅದರ ಹೆಸರನ್ನೇ ಇಡೀ ದಿನಕ್ಕೆ ಕೊಡುತ್ತೇವೆ. ಸಾವಿಗೆ ಆ ಅನುಕೂಲ ಇಲ್ಲ. ಉಸಿರು ನಿಂತ ಗಳಿಗೆಯಲ್ಲಿ ನಡೆಯುತ್ತಿದ್ದ ತಿಥಿಯೇ ಆಗಬೇಕು. ಗಳಿಗೆ ಗೊತ್ತಿಲ್ಲದೆ ತಿಥಿ ಹೇಳಲಾಗದು.

ಗಳಿಗೆ ತಿಳಿಯದವರಿಗೆ ಆ ಮಾಸದ ಅಮಾವಾಸ್ಯೆಯನ್ನು ಇಟ್ಟುಕೊಳ್ಳಬಹುದೆಂದು ಹಿಂದಿನವರು ಹೇಳಿದ್ದಾರೆ. ಅಮ್ಮನಿಗೆ ಹಾಗೆಯೇ ತಿಳಿಸಿ. ಅಮಾವಾಸ್ಯೆ ಒಂದೇ ದಿನ ಸಾಕು.

ಹಣೆಯ ಹೊಲಿಗೆ ಬಿಚ್ಚಿದರೇ? ಯಾವ ಕಡೆಯ ಹಣೆ?

ಇಂತಿ,
ಭಾವ


ಫೆಬ್ರವರಿ ೧೧

ಭಾವನವರಿಗೆ ನಮಸ್ಕಾರ.

ಬಲಗಡೆಯ ಹಣೆ. ಹೊಲಿಗೆ ಬಿಚ್ಚಿದ್ದಾರೆ.

ಅಮಾವಾಸ್ಯೆಯ ಮಾತನ್ನು ಓದಿ ಹೇಳಿದೆ. ಅತ್ತೆ ಕೇಳಿಸಿಕೊಂಡು, “ಯಾರ್ಯಾರೋ ದಿಕ್ಕಿಲ್ಲದೋರ ಸಾಲಲ್ಲಿ ನನ್ನ ಮಗನ್ನ ನಿಲ್ಲಿಸ್ತಾನಂತಾ? ಗೊತ್ತಿಲ್ಲ ಅಂತ ನೆಟ್ಟಗೆ ಬರೀಬೇಕಿತ್ತು” ಎಂದರು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಒಂದು ವೇಳೆ ಅದೂ ನಿಜವಾಗಿದ್ದರೆ ಎಂದು ಅಮಾವಾಸ್ಯೆಯನ್ನೂ ಸೇರಿಸಿಕೊಂಡರು. ಈಗ ತಿಂಗಳಿಗೆ ನಾಲ್ಕು ದಿನ ಆಯಿತು. ನಿಮ್ಮ ಕಾಗದದಿಂದ ಆದದ್ದು ಇದು.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ಇಸ್ತ್ರಿಯ ಉರುಳೆಗೆ ಹಾಸಿಗೆ ಹೊದಿಕೆಗಳನ್ನು ಕೊಡುವ ಕೆಲಸ. ಹೋದ ವಾರ ಪಕ್ಕದವಳು ಮೂಗು ಅರಳಿಸಿ, “ಏನೋ ಸುಟ್ಟ ವಾಸನೆ ಕಣೇ” ಎಂದಳು. ನೋಡಿದರೆ ನನ್ನ ಮುಂಗೈ ಉರುಳೆಗೆ ತಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಇದನ್ನು ಕನಿಕರಕ್ಕೆ ಬರೆಯುತ್ತಿಲ್ಲ. ಮನೆಯಲ್ಲಿ ಇಬ್ಬರೇ ಇದ್ದೇವೆ, ಒಬ್ಬರಾದರೂ ನೆಟ್ಟಗಿರಬೇಕು, ಅದಕ್ಕೆ ಬರೆದೆ. ಅವರು ಬಿದ್ದ ಸದ್ದು ನನಗೆ ಕೇಳಿಸದೆ ಹೋಗಬಹುದು.

ನೀವು ಒಂದು ತಿಥಿಯನ್ನು ಬರೆದು ಕೆಳಗೆ ಸಹಿ ಹಾಕಿ. ಸುಳ್ಳಾದರೂ ಚಿಂತೆಯಿಲ್ಲ. ಯಾರಿಗೆ ಗೊತ್ತಾಗುತ್ತದೆ?

ನಿಮ್ಮ ತಮ್ಮನ ಹೆಂಡತಿ


ಫಾಲ್ಗುಣ ಶುದ್ಧ ಷಷ್ಠಿ, ಗುರುವಾರ

ತಂಗೀ,

ನನಗೆ ಗೊತ್ತಾಗುತ್ತದೆ. ಸುಳ್ಳು ತಿಥಿ ಬರೆಯಲು ಕೂತಿದ್ದೆ. ಪಂಚಮಿ ಎಂದು ಬರೆದೆ, ಹರಿದೆ. ಚೌತಿ ಎಂದು ಬರೆದೆ, ಅದನ್ನೂ ಹರಿದೆ. ಕೈ ಬರಲಿಲ್ಲ. ಅಮ್ಮ ಬದುಕಿರುವಷ್ಟು ಕಾಲ ಆ ದಿನವನ್ನು ನಂಬಿ ಕೂರುತ್ತಾಳೆ.

ಅವನನ್ನು ಕೊನೆಗೆ ನೋಡಿದವರು ಯಾರು? ಗುರುವಾರ ಇಡೀ ದಿನ ಅಷ್ಟು ಲಾರಿಗಳ ನಡುವೆ ಒಬ್ಬನೂ ನೋಡಲಿಲ್ಲವೇ? ನೀನು ಅಲ್ಲಿ ಹೋಗಿ ಕೇಳಿದ್ದೀಯಾ? ನಾನೇ ಹೋಗಬಹುದಿತ್ತು. ನಾನು ಯಾರೆಂದು ಹೇಳಿಕೊಂಡು ಹೋಗಲಿ?

ಕೈಗೆ ಬರೀ ಎಣ್ಣೆ ಸವರಿ ಬಿಡಬೇಡ. ಆಸ್ಪತ್ರೆಯಲ್ಲೇ ಇದ್ದೀಯ, ತೋರಿಸು.

ಭಾವ


ಮಾರ್ಚ್ ೧೨

ಭಾವನವರಿಗೆ ನಮಸ್ಕಾರ.

ನಿನ್ನೆ ಗೋದಾಮಿಗೆ ಹೋಗಿದ್ದೆ. ನವೆಂಬರಿನಲ್ಲಿ ಇವರ ಚೀಲ, ಚಪ್ಪಲಿ ತರಲು ಒಮ್ಮೆ ಹೋಗಿದ್ದೆ, ಆದರೆ ಆಗ ಏನನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ. ಕೊಟ್ಟಿದ್ದನ್ನು ತೆಗೆದುಕೊಂಡು ಬಂದಿದ್ದೆ.

ದೊಡ್ಡ ಅಂಗಳ. ನೆಲದ ತುಂಬ ಎಣ್ಣೆಯ ಕಲೆ. ನಿನ್ನೆಯೂ ಲಾರಿಗಳ ಸಾಲಿತ್ತು. ಚಾಲಕರು ಯಾರೂ ಅಂದಿನವರಲ್ಲ. ಗೇಟಿನವನು, “ತೂಕದ ಗುಮಾಸ್ತರನ್ನ ಕೇಳಿ, ಅವರು ಎಲ್ಲಾರ್ನೂ ಮಾತಾಡಿಸ್ತಾರೆ” ಎಂದ. ಲಾರಿಗಳನ್ನು ತೂಗುವ ಕಟ್ಟೆಯ ಪಕ್ಕ ಒಂದು ಗಾಜಿನ ಕೋಣೆ, ಅದರಲ್ಲಿ ದಪ್ಪ ಕನ್ನಡಕದ ಒಬ್ಬರು. ಇಂಥವರ ಹೆಂಡತಿ ಎಂದೆ. ಅವರು ಎದ್ದು ನಿಂತು ತಮ್ಮ ಕುರ್ಚಿಯನ್ನೇ ನನಗೆ ಕೊಟ್ಟರು.

“ನೋಡಿದ್ದೆ ತಾಯಿ. ಗುರುವಾರ ರಾತ್ರಿ ನಾನು ಬೀಗ ಹಾಕ್ಕೊಂಡು ಮನೆಗೆ ಹೊರಟಿದ್ದೆ. ಒಂಬತ್ತೂವರೆ ಆಗಿತ್ತೇನೋ. ಲಾರಿ ಮುಂದೆ ಕೂತಿದ್ರು, ಬಂಪರ್ ಮೇಲೆ. ಊಟ ಆಯ್ತಾ ಅಂದೆ. ಆಯ್ತು ಅಂದ್ರು.”

“ಚೆನ್ನಾಗಿದ್ದರಾ?” ಎಂದು ಕೇಳಿದೆ.

“ಎದೆ ಸ್ವಲ್ಪ ಹಿಡ್ಕೊಂಡಂಗಿದೆ, ಗ್ಯಾಸು ಅಂದ್ರು. ಆದ್ರೆ ನಗ್ತಾ ಇದ್ರು. ಆಗ ತಾನೇ ಗೋದಾಮಿನ ಮಾಡಿನ ಮೇಲೆ ಚಂದ್ರ ಬಂದಿದ್ದ. ಗಡಿಯಾರ ನೋಡ್ಕೊಂಡು, ‘ನೋಡಿ ಸಾರ್, ನನ್ನ ಚಂದ್ರ ಬಂದ. ನಮ್ಮಣ್ಣನ ಚಂದ್ರ ಇನ್ನೂ ಹತ್ತು ನಿಮಿಷ ಬಿಟ್ಟು ಬರ್ತಾನೆ, ಪಾಪ, ದೊಡ್ಡ ಮನುಷ್ಯ, ನಿಧಾನ’ ಅಂದ್ರು. ನಂಗೆ ಅರ್ಥ ಆಗ್ಲಿಲ್ಲ. ತಪ್ಪು ತಿಳೀಬೇಡಿ, ಒಂಚೂರು ಹಾಕಿದ್ದಾರೆ ಅಂದ್ಕೊಂಡೆ.”

ಇವರು ಕುಡಿಯುವವರಲ್ಲ ಎಂದು ಹೇಳಿದೆ. ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ. ಅವರ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ನೋಡುತ್ತ ಕೂತಿದ್ದೆ.

ಇದನ್ನೆಲ್ಲ ನಿಮಗೆ ಬರೆಯಬೇಕೋ ಬೇಡವೋ ತಿಳಿಯಲಿಲ್ಲ. ಬರೆದಿದ್ದೇನೆ. ಅತ್ತೆಗೆ ಇನ್ನೂ ಹೇಳಿಲ್ಲ.

ನಿಮ್ಮ ತಮ್ಮನ ಹೆಂಡತಿ


ಚೈತ್ರ ಶುದ್ಧ ದ್ವಾದಶಿ, ಶುಕ್ರವಾರ

ತಂಗೀ,

ಉತ್ತರ ತಡವಾಯಿತು. ಲೆಕ್ಕ ಮಾಡುತ್ತಿದ್ದೆ. ನನಗೆ ಅಭ್ಯಾಸವಿಲ್ಲದ ಲೆಕ್ಕ, ಅದಕ್ಕೆ ಮೂರು ಸಲ ಮಾಡಿದೆ.

ಗುರುವಾರ ರಾತ್ರಿ ಒಂಬತ್ತೂವರೆಗೆ ಅವನು ಇದ್ದ. ಶುಕ್ರವಾರ ಬೆಳಿಗ್ಗೆ ಇರಲಿಲ್ಲ. ತದಿಗೆಯ ಮಾತು ಅಲ್ಲಿಗೆ ಮುಗಿಯಿತು. ನಾನು ಅಚ್ಚು ಹಾಕಿಸಿದ ಪಂಚಾಂಗದ ಪ್ರಕಾರ ಆ ರಾತ್ರಿ ಒಂದೂವರೆಯ ತನಕ ಚೌತಿ, ಆಮೇಲೆ ಪಂಚಮಿ. ಅವನು ಅದಕ್ಕೆ ಮೊದಲು ಹೋದನೋ ಆಮೇಲೆ ಹೋದನೋ ಯಾರೂ ಹೇಳಲಾರರು. ಆ ಲೆಕ್ಕದಲ್ಲಿ ಅವನ ತಿಥಿ ಸಿಗುವುದಿಲ್ಲ.

ಆಕಾಶದಲ್ಲಿ ಇದ್ದ ಚಂದ್ರನ ಪ್ರಕಾರ ಚೌತಿ ಮುಗಿದದ್ದು ಗುರುವಾರ ರಾತ್ರಿ ಎಂಟಕ್ಕೇ. ಅವನು ಗುಮಾಸ್ತರ ಜೊತೆ ಮಾತಾಡುವಾಗಲೇ ಪಂಚಮಿ ನಡೆಯುತ್ತಿತ್ತು, ಮರುದಿನ ಗಾಜು ಒಡೆಯುವಾಗಲೂ ಪಂಚಮಿಯೇ. ಆ ರಾತ್ರಿ ಯಾವ ಗಳಿಗೆಯಲ್ಲಿ ಹೋಗಿದ್ದರೂ ಪಂಚಮಿ. ಸಂದೇಹಕ್ಕೆ ಎಡೆಯಿಲ್ಲ.

ಕಾರ್ತಿಕ ಬಹುಳ ಪಂಚಮಿ. ಕೆಳಗೆ ಸಹಿ ಹಾಕಿದ್ದೇನೆ. ಅಮ್ಮನಿಗೆ ಕೊಡು. ಮಿಕ್ಕ ದಿನ ಉಣ್ಣಲಿ.

ತಿಥಿಯಲ್ಲಿ ಐದೂವರೆ ಗಂಟೆಯಾಗುವ ವ್ಯತ್ಯಾಸ ಚಂದ್ರ ಹುಟ್ಟುವ ಹೊತ್ತಿನಲ್ಲಿ ಕೆಲವೇ ನಿಮಿಷವಾಗುತ್ತದೆ. ಹತ್ತು ನಿಮಿಷ ಎಂದು ಅವನು ಬಾಯಲ್ಲೇ ಹೇಳಿದ್ದನ್ನೂ ಲೆಕ್ಕ ಹಾಕಿ ನೋಡಿದೆ. ಹನ್ನೊಂದು ಬಂತು.

ಭಾವ


ಏಪ್ರಿಲ್ ೧೪

ಭಾವನವರಿಗೆ ನಮಸ್ಕಾರ.

ಕಾಗದ ಓದಿ ಹೇಳಿದೆ. ಗುಮಾಸ್ತರು ಹೇಳಿದ್ದನ್ನೂ ಹೇಳಿದೆ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹಾಗೇ ಮಲಗಿಕೊಂಡು, “ಯಾರ ಲೆಕ್ಕ ಇದು?” ಎಂದರು.

“ಭಾವನವರೇ ಮಾಡಿದ್ದು ಅತ್ತೆ.”

“ಮಾಡಿದ್ದು ಯಾರು ಅಂತ ಕೇಳ್ಲಿಲ್ಲ. ಲೆಕ್ಕ ಯಾರದು?”

“ಇವರದು,” ಎಂದೆ.

ಈ ತಿಂಗಳು ತದಿಗೆಗೆ ಉಂಡರು. ಚೌತಿಗೆ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಪಂಚಮಿಯ ದಿನ ಒಂದೇ ದಿನ ಬಿಟ್ಟರು. ತಲೆ ಸುತ್ತು ಬಂದಿಲ್ಲ.

ನನ್ನ ಕೈ ವಾಸಿಯಾಗಿದೆ. ಇನ್ನೊಂದು ವಿಷಯ. ರಜೆಗೆ ಮೊದಲೇ ಹೇಳಿಡಬೇಕು. ವರ್ಷದ ದಿನ ನವೆಂಬರ್ ಒಂಬತ್ತಕ್ಕೇ ಬರುತ್ತದಲ್ಲವೇ?

ನಿಮ್ಮ ತಮ್ಮನ ಹೆಂಡತಿ


ಅಧಿಕ ಜ್ಯೇಷ್ಠ ಶುದ್ಧ ಅಷ್ಟಮಿ, ಗುರುವಾರ

ತಂಗೀ,

ಒಂಬತ್ತಕ್ಕೆ ಬರುವುದಿಲ್ಲ. ಇಪ್ಪತ್ತೊಂಬತ್ತಕ್ಕೆ, ಗುರುವಾರ.

ಚಂದ್ರನ ಹನ್ನೆರಡು ತಿಂಗಳು ಸೂರ್ಯನ ಒಂದು ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಅದನ್ನು ಹಾಗೇ ಬಿಟ್ಟರೆ ಚಳಿಗಾಲದ ತಿಂಗಳು ಜಾರುತ್ತ ಜಾರುತ್ತ ಬೇಸಿಗೆಗೆ ಬಂದು ನಿಲ್ಲುತ್ತದೆ. ಸೂರ್ಯ ತಿಂಗಳಿಗೊಂದು ರಾಶಿ ದಾಟುತ್ತಾನೆ. ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಚಾಂದ್ರಮಾಸ ಬರುತ್ತದೆ, ಅದರಲ್ಲಿ ಅವನು ಯಾವ ರಾಶಿಯನ್ನೂ ದಾಟುವುದಿಲ್ಲ. ಅದಕ್ಕೆ ಸ್ವಂತ ಹೆಸರಿಲ್ಲ. ಮುಂದಿನ ತಿಂಗಳ ಹೆಸರನ್ನೇ ಕೊಟ್ಟು ‘ಅಧಿಕ’ ಎಂದು ಸೇರಿಸುತ್ತೇವೆ. ಈಗ ನಡೆಯುತ್ತಿರುವುದು ಅದೇ. ಈ ಸಲದ ವರ್ಷಕ್ಕೆ ಹದಿಮೂರು ತಿಂಗಳು. ಹಾಗಾಗಿ ಅವನ ದಿನ ಅಷ್ಟು ಮುಂದೆ ಸರಿಯಿತು.

ಈ ತಿಂಗಳಲ್ಲಿ ಯಾರೂ ಏನನ್ನೂ ಶುರು ಮಾಡುವುದಿಲ್ಲ. ನನ್ನ ಹತ್ತಿರ ದಿನ ಕೇಳಲು ಯಾರೂ ಬರುವುದಿಲ್ಲ. ಬಿಡುವಿದೆ. ಬರುವ ವರ್ಷದ ಪಂಚಾಂಗವನ್ನು ಮೊದಲಿನಿಂದ ಮತ್ತೆ ಹಾಕುತ್ತಿದ್ದೇನೆ, ಅವನ ಪದ್ಧತಿಯಲ್ಲಿ. ಅಮ್ಮನಿಗೆ ಹೇಳಲೇಬೇಕೆಂದಿಲ್ಲ.

ಭಾವ


ಜೂನ್ ೧೭

ಭಾವನವರಿಗೆ ನಮಸ್ಕಾರ.

ರಜೆಯ ದಿನ ಬದಲಾಯಿಸಲು ಮೇಲ್ವಿಚಾರಕಿಯ ಹತ್ತಿರ ಹೋದೆ. ಇಪ್ಪತ್ತು ದಿನ ಮುಂದೆ ಹೋಗಿದೆ ಎಂದೆ. ಆಕೆ ಕನ್ನಡಕದ ಮೇಲಿಂದ ನೋಡಿ, “ಸತ್ತೋರಿಗೂ ಗ್ರೇಸ್ ಟೈಮ್ ಇದ್ಯೇನೇ?” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಿ ನಕ್ಕಿತು ಎನ್ನಬೇಕು.

ಅಧಿಕ ಮಾಸ ಮುಗಿಯಿತೆಂದು ಪಕ್ಕದ ಮನೆಯವರು ಹೇಳಿದರು. ಅದರಲ್ಲೂ ದಿನಾ ಬಟ್ಟೆ ಬರುತ್ತಿತ್ತು, ಒಗೆದು ಮಡಿಸುತ್ತಿದ್ದೆವು. ನನಗೆ ಬೇರೆ ತಿಂಗಳಿಗೂ ಅದಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಎಲ್ಲ ತಿಂಗಳೂ ಹಾಗೇ ಇವೆ.

ನೀವು ಹೇಳಬೇಕಿಲ್ಲ ಎಂದಿದ್ದರೂ ಹೊಸ ಪಂಚಾಂಗದ ವಿಷಯ ಅತ್ತೆಗೆ ಹೇಳಿದೆ. “ಪ್ರೆಸ್ಸಿನೋರು ಅವನನ್ನ ಸುಮ್ನೆ ಬಿಡಲ್ಲ” ಎಂದರು.

ನಿಮ್ಮ ತಮ್ಮನ ಹೆಂಡತಿ


ಭಾದ್ರಪದ ಬಹುಳ ಸಪ್ತಮಿ, ಬುಧವಾರ

ತಂಗೀ,

ಅಮ್ಮ ಹೇಳಿದ್ದು ಸರಿ. ಪ್ರೆಸ್ಸಿನ ಯಜಮಾನರು ಮನೆಗೇ ಬಂದಿದ್ದರು. “ನಿಮ್ಮ ತಂದೆ ಕಾಲದಿಂದ ಒಂದು ಲೆಕ್ಕ. ಈಗ ತಿಥಿ ಎಲ್ಲಾ ಗಂಟೆಗಟ್ಟಲೆ ಹಿಂದೆ ಮುಂದೆ ಆದ್ರೆ ಜನ ಏನನ್ಕೋತಾರೆ? ಇಷ್ಟು ವರ್ಷ ನೀವು ಕೊಟ್ಟಿದ್ದು ಸುಳ್ಳಾ ಅಂತಾರೆ” ಎಂದರು. ಅಂದರೆ ಅನ್ನಲಿ ಎಂದೆ. ಚಹಾ ಕುಡಿದು ಹೋದರು. ಬರುವ ವರ್ಷದ್ದಕ್ಕೆ ಬೇರೆಯವರನ್ನು ಹಿಡಿದಿದ್ದಾರೆ. ಹಳೆಯ ಕೋಷ್ಟಕಗಳನ್ನು ಕೇಳಿದರು, ಕೊಟ್ಟುಬಿಟ್ಟೆ.

ನಾನು ಹಾಕಿದ್ದು ಮೇಜಿನ ಮೇಲೆ ಇದೆ. ತಪ್ಪಿಲ್ಲದ ಕೆಲಸ. ಅಚ್ಚಾಗುವುದಿಲ್ಲ. ಬೆಳಿಗ್ಗೆ ಎದ್ದರೆ ಕೈಗೆ ಏನೂ ಕೆಲಸವಿಲ್ಲ. ತೋಟದ ಪೈಪಿನಲ್ಲಿ ಗಿಡಗಳಿಗೆ ನೀರು ಬಿಡುತ್ತ ನಿಲ್ಲುತ್ತೇನೆ. ಬೇಸರವೇನೂ ಇಲ್ಲ. ಬೇಸರ ಇರಬೇಕಿತ್ತು ಅನ್ನಿಸುತ್ತದೆ. ನೀನು ಉರುಳೆಯ ವಿಷಯ ಬರೆದಿದ್ದೆಯಲ್ಲ, ಆಗ ನನಗೆ ಅದು ಅರ್ಥವಾಗಿರಲಿಲ್ಲ.

ಭಾವ


ನವೆಂಬರ್ ೧೦

ಭಾವನವರಿಗೆ ನಮಸ್ಕಾರ.

ನಿನ್ನೆ ಒಂಬತ್ತನೆಯ ತಾರೀಖು. ಕೆಲಸಕ್ಕೆ ಹೋದೆ, ಬಂದೆ. ಇಪ್ಪತ್ತೊಂಬತ್ತರ ಗುರುವಾರ ನಮ್ಮ ಮನೆಯಲ್ಲಿ ದೊಡ್ಡದಾಗಿ ಏನೂ ಇಲ್ಲ. ಅಡುಗೆ ಮಾಡುತ್ತೇನೆ, ಅತ್ತೆ ಇವರ ಪಟದ ಮುಂದೆ ಕೂರುತ್ತಾರೆ, ಆಮೇಲೆ ಊಟ.

ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. “ದೊಡ್ಡೋನಿಗೆ ಬರೆ. ಹೊತ್ತಿಗೆ ಮುಂಚೆ ಬಾ ಅನ್ನು. ಕಂಬದ ಹತ್ರ ನಿಂತ್ಕೊಂಡು ಹೋಗೋದಾದ್ರೆ ಬರೋದು ಬೇಡ.”

ಬನ್ನಿ.

ನಿಮ್ಮ ತಮ್ಮನ ಹೆಂಡತಿ


ಡಿಸೆಂಬರ್ ೨, ಭಾನುವಾರ

ಭಾವನವರಿಗೆ ನಮಸ್ಕಾರಗಳು.

ಕ್ಷೇಮವಾಗಿ ತಲುಪಿದಿರೆಂದು ನಂಬಿದ್ದೇನೆ. ಗುರುವಾರ ನೀವು ಬಾಗಿಲಲ್ಲಿ ನಿಂತಾಗ ಅತ್ತೆ ನಿಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಕೂದ್ಲೆಲ್ಲಾ ಹೋಯ್ತಲ್ಲೋ ನಿಂಗೆ” ಎಂದರು. ಇಡೀ ದಿನ ಅದೊಂದೇ ಮಾತು ಆಡಿದರೆಂದು ಬಸ್ಸಿನಲ್ಲಿ ನೀವು ಅದನ್ನೇ ಯೋಚಿಸುತ್ತ ಹೋಗಿರಬಹುದು. ನೀವು ಹೋದ ಮೇಲೆ ಆದದ್ದನ್ನು ಬರೆಯುತ್ತೇನೆ.

ನೀವು ಗೇಟು ದಾಟುವವರೆಗೆ ಅತ್ತೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಆಮೇಲೆ ನಿಮ್ಮ ತಟ್ಟೆಯ ಮುಂದೆ ಬಂದು ಕೂತರು. ನೀವು ಸಾರಿನ ಅನ್ನವನ್ನು ಒಂದು ಅಂಚಿಗೆ ಸರಿಸಿ ಬಿಟ್ಟಿದ್ದಿರಿ. “ನೋಡು, ಚಿಕ್ಕಂದಿನಲ್ಲೂ ಇಷ್ಟೇ, ಕೊನೇ ತುತ್ತು ಬಿಡೋದು” ಎಂದರು. ಅಲ್ಲಿಗೆ ಅತ್ತರು. ವರ್ಷದಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಚಿಕ್ಕವನಿಗಾಗಿ ಅತ್ತರೋ ದೊಡ್ಡವನಿಗಾಗಿಯೋ ಎಂದು ಕೇಳಲಿಲ್ಲ. ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ನನಗೂ ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಬರದಿದ್ದರೆ ಬೇಡ ಎಂದುಕೊಂಡು ಪಾತ್ರೆ ತೊಳೆದೆ.

ಮಲಗಿದ್ದು ಬೇಗ. ನಡುವೆ ಎಚ್ಚರವಾಗಲಿಲ್ಲ. ಇವರು ಹೋದ ಮೇಲೆ ಪ್ರತಿ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಇದು ಎಷ್ಟನೆಯ ದಿನ ಎಂಬುದು ತಲೆಯಲ್ಲಿ ಸಿದ್ಧವಾಗಿ ಕೂತಿರುತ್ತಿತ್ತು. ನಾನು ಎಣಿಸುತ್ತಿರಲಿಲ್ಲ, ಅದೇ ಎಣಿಸಿಕೊಳ್ಳುತ್ತಿತ್ತು. ಮೊನ್ನೆ ಎದ್ದಾಗ ಸೂರಿನ ಕಡೆ ನೋಡುತ್ತ ಬಿದ್ದುಕೊಂಡೆ. ಯಾವ ದಿನ ಎಂದು ಹೊಳೆಯಲೇ ಇಲ್ಲ. ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂದು ಕೇಳುತ್ತ ಮಲಗಿದ್ದೆ.

ಅಡುಗೆಮನೆಯಿಂದ ಅತ್ತೆ ಕೂಗಿದರು. “ಇವತ್ತು ಏನೇ?”

ಸ್ವಲ್ಪ ಯೋಚಿಸಬೇಕಾಯಿತು. “ಶುಕ್ರವಾರ,” ಎಂದೆ.

“ಬರೀ ಶುಕ್ರವಾರಾನಾ?”

“ಹೂಂ ಅತ್ತೆ. ಬರೀ ಶುಕ್ರವಾರ.”

“ಹಂಗಾದ್ರೆ ಎದ್ದು ಬಾ, ಹಸಿವಾಗ್ತಿದೆ,” ಎಂದರು. ನನಗೂ ಹಸಿವಾಗಿತ್ತು.

ಇಂತಿ,
ತಂಗಿ